ಹುಟ್ಟೂರಿಗೇ ಪರಕೀಯನಾದ ನ್ಯಾಯಾಧೀಶ ವೇಟೀಸ್ ವೇರಿಂಗ್

1968ರ ಜನವರಿಯಲ್ಲಿ ಅಮೆರಿಕದ ದಕ್ಷಿಣ ಕರೋಲಿನಾ ರಾಜ್ಯದ ಚಾರ್ಲ್ಸ್‌ಟನ್ ನಗರದ ಮ್ಯಾಗ್ನೋಲಿಯಾ ಸ್ಮಶಾನದಲ್ಲಿ 87 ವರ್ಷದ ವೃದ್ಧರೊಬ್ಬರ ಅಂತ್ಯಸಂಸ್ಕಾರ ನೆರವೇರಿತು. ಅವರ ವಂಶ ಎಂಟು ತಲೆಮಾರುಗಳಿಂದ ಆ ಊರಿನಲ್ಲಿ ನೆಲೆಯೂರಿತ್ತು. ನಗರದ ಪ್ರತಿಷ್ಠಿತ ಬಿಳಿಯ ಮನೆತನಗಳೆಲ್ಲವೂ ಒಂದು ಕಾಲದಲ್ಲಿ ಅವರನ್ನು ತಮ್ಮವರೆಂದು ಎಣಿಸಿದ್ದವು. ಆದರೆ ಅಂದು ಅವರಿಗೆ ವಿದಾಯ ಹೇಳಲು ಬಂದ ಬಿಳಿಯರ ಸಂಖ್ಯೆ ಹನ್ನೆರಡನ್ನೂ ಮುಟ್ಟಲಿಲ್ಲ. ಅವರ ಸುತ್ತ ನೆರೆದಿದ್ದವರು ಸುಮಾರು 200 ಮಂದಿ ಕಪ್ಪು ವರ್ಣೀಯರು.

ಆ ವೃದ್ಧರೇ ಜೂಲಿಯಸ್ ವೇಟೀಸ್ ವೇರಿಂಗ್. ಅಮೆರಿಕದ ಫೆಡರಲ್ ನ್ಯಾಯಾಂಗದ ಕೆಳಗಿನ ಮೆಟ್ಟಿಲಾದ ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ ಅವರು ಹತ್ತು ವರ್ಷ ನ್ಯಾಯಾಧೀಶರಾಗಿದ್ದರು. ಮೇಲಿನ ಕೋರ್ಟಿಗೆ ಬಡ್ತಿ ಪಡೆಯಲಿಲ್ಲ. ಅವರ ಅತ್ಯಂತ ಮಹತ್ವದ ಬರಹವೂ ಗೆದ್ದ ತೀರ್ಪಲ್ಲ, ಮೂವರು ನ್ಯಾಯಾಧೀಶರ ಪೀಠದಲ್ಲಿ ಒಂಟಿಯಾಗಿ ಬರೆದ ಭಿನ್ನಮತ. ಹಾಗಿದ್ದರೂ ಅಮೆರಿಕದ ಶಾಲೆಗಳಲ್ಲಿ ವರ್ಣಭೇದವನ್ನು ಕೊನೆಗಾಣಿಸಿದ ಕಾನೂನು ಹೋರಾಟದ ಚರಿತ್ರೆಯನ್ನು ಅವರ ಹೆಸರಿಲ್ಲದೆ ಬರೆಯಲು ಸಾಧ್ಯವಿಲ್ಲ.

ಅಮೆರಿಕದ ವ್ಯವಸ್ಥೆಯನ್ನು ಅರಿಯದವರಿಗೆ ಇಲ್ಲೊಂದು ವಿವರಣೆ ಅಗತ್ಯ. ನಮ್ಮ ದೇಶದಲ್ಲಿ ತಾಲ್ಲೂಕು ನ್ಯಾಯಾಲಯದಿಂದ ಸುಪ್ರೀಂ ಕೋರ್ಟಿನವರೆಗೆ ಒಂದೇ ಏಣಿಯಿದೆ. ಅಲ್ಲಿ ಹಾಗಲ್ಲ. ಪ್ರತಿ ರಾಜ್ಯಕ್ಕೂ ತನ್ನದೇ ನ್ಯಾಯಾಲಯಗಳಿದ್ದು, ಅವುಗಳ ಜೊತೆಜೊತೆಯಲ್ಲೇ ಕೇಂದ್ರ ಸರ್ಕಾರದ ಕಾನೂನು ಹಾಗೂ ಸಂವಿಧಾನಕ್ಕೆ ಸಂಬಂಧಿಸಿದ ಮೊಕದ್ದಮೆಗಳಿಗಾಗಿ ಫೆಡರಲ್ ನ್ಯಾಯಾಲಯಗಳು ಕೆಲಸ ಮಾಡುತ್ತವೆ. ಡಿಸ್ಟ್ರಿಕ್ಟ್ ಕೋರ್ಟಿನ ನ್ಯಾಯಾಧೀಶರನ್ನು ಅಧ್ಯಕ್ಷರು ನಾಮಕರಣ ಮಾಡುತ್ತಾರೆ, ಸೆನೆಟ್ ಅನುಮೋದಿಸುತ್ತದೆ. ಒಮ್ಮೆ ನೇಮಕಗೊಂಡ ಮೇಲೆ ಅವರು ಜೀವನಪರ್ಯಂತ ಆ ಹುದ್ದೆಯಲ್ಲಿ ಮುಂದುವರಿಯಬಹುದು. ಮಹಾಭಿಯೋಗದ ಹೊರತು ಅವರನ್ನು ಯಾರೂ ತೆಗೆಯಲಾಗದು. ಈ ರಕ್ಷಣೆ ಇರದಿದ್ದರೆ ವೇರಿಂಗ್ ಅವರ ಕಥೆ 1947ರಲ್ಲೇ ಮುಗಿದುಹೋಗುತ್ತಿತ್ತು.

ವ್ಯವಸ್ಥೆಯ ಕೂಸು

ವೇರಿಂಗ್ ಜನಿಸಿದ್ದು 1880ರ ಜುಲೈ 27ರಂದು. ಅಮೆರಿಕದ ಅಂತರ್ಯುದ್ಧದ ಮೊದಲ ಗುಂಡುಗಳು 1861ರಲ್ಲಿ ಹಾರಿದ್ದು ಚಾರ್ಲ್ಸ್‌ಟನ್ ಬಂದರಿನ ಸಮ್‌ಟರ್ ಕೋಟೆಯ ಮೇಲೆ. ಅದಕ್ಕೂ ಹಿಂದೆ ಆಫ್ರಿಕಾದಿಂದ ಗುಲಾಮರನ್ನು ಹೊತ್ತ ಹಡಗುಗಳು ಬಂದು ನಿಲ್ಲುತ್ತಿದ್ದ ಪ್ರಮುಖ ರೇವು ಅದು. ವೇರಿಂಗ್ ಅವರ ತಂದೆ ಎಡ್ವರ್ಡ್ ಪೆರಿ ವೇರಿಂಗ್, ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟದಿಂದ ಸಿಡಿದು ಹೋದ ದಕ್ಷಿಣದ ರಾಜ್ಯಗಳ ಸೇನೆಯಲ್ಲಿ ಹೋರಾಡಿದವರು. ಸೋತ ಯುದ್ಧದ ನೆನಪು ಮತ್ತು ಕಳೆದುಹೋದ ವೈಭವದ ಹಂಬಲ ಇವೆರಡೂ ಆ ಊರಿನ ಬಿಳಿಯ ಮಕ್ಕಳಿಗೆ ತಾಯಿಯ ಹಾಲಿನೊಂದಿಗೇ ಬರುತ್ತಿದ್ದವು. ವೇರಿಂಗ್ ಬೆಳೆದದ್ದು ಅದೇ ಗಾಳಿಯಲ್ಲಿ.

ಮನೆತನಕ್ಕೆ ಹೆಸರಿತ್ತೇ ಹೊರತು ಹೇಳಿಕೊಳ್ಳುವಂಥ ಸಂಪತ್ತು ಇರಲಿಲ್ಲ. 1900ರಲ್ಲಿ ಕಾಲೇಜ್ ಆಫ್ ಚಾರ್ಲ್ಸ್‌ಟನ್‌ನಿಂದ ಪದವಿ ಪಡೆದ ವೇರಿಂಗ್ ಕಾನೂನು ಕಾಲೇಜಿಗೆ ಹೋಗದೆ, ವಕೀಲರ ಕಚೇರಿಯೊಂದರಲ್ಲಿ ಕುಳಿತು ಕಾನೂನು ಕಲಿತು, 1902ರಲ್ಲಿ ವಕೀಲರಾದರು. 1913ರಲ್ಲಿ ಅದೇ ಊರಿನ ಆನೀ ಗ್ಯಾಮಲ್ ಅವರನ್ನು ಮದುವೆಯಾದರು. ಓರ್ವ ಮಗಳು ಹುಟ್ಟಿದಳು. 1914ರಿಂದ ಕೆಲ ವರ್ಷ ಸಹಾಯಕ ಫೆಡರಲ್ ಅಭಿಯೋಜಕರಾಗಿ ದುಡಿದು, ಬಳಿಕ ಖಾಸಗಿ ವಕೀಲಿ ವೃತ್ತಿ ನಡೆಸಿದರು. 1930ರ ದಶಕದಲ್ಲಿ ಚಾರ್ಲ್ಸ್‌ಟನ್ ನಗರಾಡಳಿತದ ಅಧಿಕೃತ ವಕೀಲರಾದರು.

ಸಾಮಾಜಿಕ ಏಣಿಯಲ್ಲೂ ಅವರು ಮೇಲೇರಿದರು. ಊರಿನ ಶ್ರೀಮಂತ ಕುಲೀನರಿಗಷ್ಟೇ ಬಾಗಿಲು ತೆರೆಯುತ್ತಿದ್ದ ಸೇಂಟ್ ಸಿಸಿಲಿಯಾ ಸೊಸೈಟಿಯಲ್ಲಿ ಅವರಿಗೆ ಸದಸ್ಯತ್ವವಿತ್ತು. ಹಳೆಯ ಬಡಾವಣೆಯ ಮೀಟಿಂಗ್ ಸ್ಟ್ರೀಟ್‌ನಲ್ಲಿ ಮನೆಯಿತ್ತು. 1938ರಲ್ಲಿ ಬಿಳಿಯರ ಮೇಲ್ಮೆಯನ್ನು ಬಹಿರಂಗವಾಗಿ ಸಾರುತ್ತಿದ್ದ ಸೆನೆಟರ್ ಎಲಿಸನ್ ಸ್ಮಿತ್ ಮರುಚುನಾವಣೆಗೆ ನಿಂತಾಗ, ಸ್ಥಳೀಯವಾಗಿ ಅವರ ಪ್ರಚಾರದ ಹೊಣೆ ಹೊತ್ತವರು ಇದೇ ವೇರಿಂಗ್. ದಕ್ಷಿಣದಲ್ಲಿ ಫೆಡರಲ್ ನ್ಯಾಯಾಧೀಶರ ಹುದ್ದೆಗಳು ಆಗ ಭರ್ತಿಯಾಗುತ್ತಿದ್ದುದು ಇಂಥ ಋಣಾನುಬಂಧಗಳ ಮೂಲಕವೇ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ನಾಮಕರಣಕ್ಕೆ ಸೆನೆಟ್ ಒಪ್ಪಿಗೆ ನೀಡಿ, 1942ರ ಜನವರಿಯಲ್ಲಿ ವೇರಿಂಗ್ ದಕ್ಷಿಣ ಕರೋಲಿನಾದ ಪೂರ್ವ ಜಿಲ್ಲೆಯ ನ್ಯಾಯಾಧೀಶರಾದಾಗ ಯಾರೂ ಹುಬ್ಬೇರಿಸಲಿಲ್ಲ. ಅವರಿಗಾಗ 61 ವರ್ಷ. ನೆಮ್ಮದಿಯ ಮುಸ್ಸಂಜೆಯೊಂದನ್ನು ಅವರು ಗಳಿಸಿಕೊಂಡಿದ್ದಾರೆಂದು ಊರು ಭಾವಿಸಿತು.

ಪೀಠದ ಮೇಲಿನ ಪಾಠ

ಬದಲಾವಣೆ ಸದ್ದಿಲ್ಲದೆ ಆರಂಭವಾಯಿತು. ತಮ್ಮ ನ್ಯಾಯಾಲಯದಲ್ಲಿ ಪ್ರೇಕ್ಷಕರು ಬಣ್ಣದ ಪ್ರಕಾರ ಬೇರೆ ಬೇರೆ ಕೂರುವ ರೂಢಿಯನ್ನು ವೇರಿಂಗ್ ನಿಲ್ಲಿಸಿದರು. ಜ್ಯೂರಿ ಪಟ್ಟಿಯಲ್ಲಿ ಕಪ್ಪು ವರ್ಣೀಯರ ಹೆಸರಿನ ಮುಂದೆ ಗುರುತು ಹಾಕುವ ಪದ್ಧತಿಯನ್ನು ಕೈಬಿಡಿಸಿದರು. ಜಾನ್ ಫ್ಲೆಮಿಂಗ್ ಎಂಬ ಕಪ್ಪು ವರ್ಣೀಯರನ್ನು ನ್ಯಾಯಾಲಯದ ಸಿಬ್ಬಂದಿಯಾಗಿ ನೇಮಿಸಿಕೊಂಡರು. ಇವೆಲ್ಲ ಸಣ್ಣ ಸಂಗತಿಗಳೇ. ಆದರೆ ಬಸ್ಸು, ಶಾಲೆ, ಆಸ್ಪತ್ರೆ, ನೀರಿನ ನಲ್ಲಿ ಎಲ್ಲವೂ ಬಣ್ಣದ ಪ್ರಕಾರ ಹಂಚಿಹೋಗಿದ್ದ ರಾಜ್ಯದಲ್ಲಿ ಸಣ್ಣ ಸಂಗತಿಗಳಿಗೂ ತೂಕವಿತ್ತು.

1944ರಲ್ಲಿ ಚಾರ್ಲ್ಸ್‌ಟನ್‌ನ ಕಪ್ಪು ವರ್ಣೀಯ ಶಿಕ್ಷಕಿ ವಯೋಲಾ ಡುವಾಲ್ ಅವರ ಮೊಕದ್ದಮೆ ವೇರಿಂಗ್ ಅವರ ಮುಂದೆ ಬಂತು. ಒಂದೇ ಅರ್ಹತೆ, ಒಂದೇ ಕೆಲಸ, ಆದರೆ ಬಿಳಿಯ ಶಿಕ್ಷಕರಿಗಿಂತ ತೀರಾ ಕಡಿಮೆ ಸಂಬಳ ಎಂಬುದು ದೂರು. ಶಿಕ್ಷಕಿಯ ಪರವಾಗಿ ವಾದಿಸಲು ಬಂದವರು ಕಪ್ಪು ವರ್ಣೀಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಸ್ಥೆಯ ವಕೀಲ ಥರ್ಗುಡ್ ಮಾರ್ಷಲ್. ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ಪ್ರಥಮ ಕಪ್ಪು ವರ್ಣೀಯ ನ್ಯಾಯಮೂರ್ತಿಯಾದವರು ಇವರೇ. ದಕ್ಷಿಣದ ನ್ಯಾಯಾಲಯಗಳಲ್ಲಿ ಹಗೆತನವನ್ನೇ ಕಂಡಿದ್ದ ಮಾರ್ಷಲ್ ದೀರ್ಘ ಸೆಣಸಾಟಕ್ಕೆ ಸಿದ್ಧರಾಗಿ ಬಂದಿದ್ದರು. ಆದರೆ ಕಾನೂನು ಈಗಾಗಲೇ ಸ್ಪಷ್ಟವಾಗಿರುವಾಗ ಹೆಚ್ಚಿನ ವಾದ ಅನಗತ್ಯವೆಂದು ವೇರಿಂಗ್ ಭಾವಿಸಿದರು. ಶಿಕ್ಷಕಿಯ ಪರವಾಗಿ ತೀರ್ಪು ಬಂತು. ಮರುವರ್ಷ ರಾಜಧಾನಿ ಕೊಲಂಬಿಯಾದ ಶಿಕ್ಷಕರ ಮೊಕದ್ದಮೆಯಲ್ಲೂ ಇದೇ ಫಲಿತಾಂಶ ಮರುಕಳಿಸಿತು.

1945ರಲ್ಲಿ ಅವರ ಖಾಸಗಿ ಬದುಕು ಊರಿನ ಮಾತಾಯಿತು. 32 ವರ್ಷಗಳ ದಾಂಪತ್ಯದ ಬಳಿಕ ಆನೀ ಅವರಿಂದ ವೇರಿಂಗ್ ವಿಚ್ಛೇದನ ಬಯಸಿದರು. ದಕ್ಷಿಣ ಕರೋಲಿನಾದಲ್ಲಿ ಆಗ ವಿಚ್ಛೇದನಕ್ಕೆ ಕಾನೂನಿನ ಅವಕಾಶವೇ ಇರಲಿಲ್ಲ. ಆನೀ ಫ್ಲಾರಿಡಾಕ್ಕೆ ಹೋಗಿ ವಿಚ್ಛೇದನ ಪಡೆಯಬೇಕಾಯಿತು. ಕೆಲವೇ ದಿನಗಳಲ್ಲಿ ವೇರಿಂಗ್ ಉತ್ತರದ ರಾಜ್ಯದಿಂದ ಬಂದಿದ್ದ, ಎರಡು ಬಾರಿ ವಿವಾಹವಾಗಿದ್ದ ಎಲಿಜಬೆತ್ ಅವರ ಕೈ ಹಿಡಿದರು. ಊರಿನ ಕುಲೀನ ಸಮಾಜ ಇದನ್ನು ಕ್ಷಮಿಸಲಿಲ್ಲ. ಏನೂ ತಪ್ಪು ಮಾಡದ ಆನೀ ಅವರ ನೋವು ನಿಜವಾದುದು. ಆ ಪ್ರಕರಣದಲ್ಲಿ ವೇರಿಂಗ್ ಅವರ ನಡೆಯನ್ನು ಸಮರ್ಥಿಸುವುದು ಸುಲಭವಲ್ಲ.

ಸಮಾಜ ತನ್ನನ್ನು ದೂರವಿಟ್ಟ ಸೇಡಿಗಾಗಿ ನ್ಯಾಯಾಧೀಶರು ಕಪ್ಪು ವರ್ಣೀಯರ ಪರ ತೀರ್ಪು ಕೊಟ್ಟರೆಂಬ ಮಾತನ್ನು ಅವರ ವಿರೋಧಿಗಳು ದಶಕಗಳ ಕಾಲ ಹೇಳುತ್ತಲೇ ಬಂದರು. ಆದರೆ ದಿನಾಂಕಗಳು ಬೇರೆಯದನ್ನೇ ಹೇಳುತ್ತವೆ. ಶಿಕ್ಷಕಿಯ ಸಂಬಳದ ತೀರ್ಪು ಬಂದಿದ್ದು ವಿಚ್ಛೇದನಕ್ಕೆ ಒಂದು ವರ್ಷ ಮೊದಲು.

ಕುರುಡಾದ ಯೋಧ

ಎಲ್ಲಕ್ಕಿಂತ ಆಳವಾದ ಪೆಟ್ಟು ಬಿದ್ದದ್ದು 1946ರಲ್ಲಿ. ಐಸಾಕ್ ವುಡರ್ಡ್ ಎಂಬ ಕಪ್ಪು ವರ್ಣೀಯ ಸಾರ್ಜೆಂಟ್ ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ರಂಗದಲ್ಲಿ ಸೇವೆ ಸಲ್ಲಿಸಿ ಮರಳಿದ್ದ. ಆ ವರ್ಷದ ಫೆಬ್ರುವರಿ 12ರಂದು ಜಾರ್ಜಿಯಾದ ಸೇನಾ ಶಿಬಿರದಲ್ಲಿ ಬಿಡುಗಡೆಯ ಪತ್ರ ಪಡೆದು, ಸಮವಸ್ತ್ರದಲ್ಲೇ ಬಸ್ಸು ಹತ್ತಿ ಹೆಂಡತಿಯನ್ನು ಸೇರಲು ಹೊರಟ. ದಾರಿಯಲ್ಲಿ ಶೌಚಕ್ಕೆ ಇಳಿಯುವ ವಿಷಯದಲ್ಲಿ ಚಾಲಕನೊಂದಿಗೆ ಮಾತಿಗೆ ಮಾತು ಬೆಳೆಯಿತು. ಬೇಟ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಚಾಲಕ ಪೊಲೀಸರನ್ನು ಕರೆದ. ಅಲ್ಲಿನ ಪೊಲೀಸ್ ಮುಖ್ಯಸ್ಥ ಲಿನ್‌ವುಡ್ ಶಲ್ ಯೋಧನನ್ನು ಲಾಠಿಯಿಂದ ಹೊಡೆದ. ವುಡರ್ಡ್‌ನ ಎರಡೂ ಕಣ್ಣುಗಳು ಶಾಶ್ವತವಾಗಿ ಹೋದವು. ಮರುದಿನ ಕಣ್ಣು ಕಾಣದ ಆ ಯೋಧನಿಗೇ ಸ್ಥಳೀಯ ನ್ಯಾಯಾಲಯ ದಂಡ ವಿಧಿಸಿತು.

ಸುದ್ದಿ ದೇಶದಾದ್ಯಂತ ಹಬ್ಬಿತು. ಚಿತ್ರನಟ, ನಿರ್ದೇಶಕ ಆರ್ಸನ್ ವೆಲ್ಸ್ ತಮ್ಮ ರೇಡಿಯೋ ಕಾರ್ಯಕ್ರಮದಲ್ಲಿ ವಾರಗಟ್ಟಲೆ ಈ ಅನ್ಯಾಯವನ್ನು ಕುರಿತು ಮಾತನಾಡಿದರು. ಸೆಪ್ಟೆಂಬರಿನಲ್ಲಿ ಎನ್‌ಎಎಸಿಪಿಯ ವಾಲ್ಟರ್ ವೈಟ್ ಅವರಿಂದ ಘಟನೆಯ ವಿವರ ಕೇಳಿದ ಅಧ್ಯಕ್ಷ ಹ್ಯಾರಿ ಟ್ರೂಮನ್ ತಲ್ಲಣಿಸಿದರು. ಕೆಲವೇ ದಿನಗಳಲ್ಲಿ ಶಲ್ ವಿರುದ್ಧ ಫೆಡರಲ್ ಮೊಕದ್ದಮೆ ದಾಖಲಾಯಿತು. ಅದು ವಿಚಾರಣೆಗೆ ಬಂದಿದ್ದು ವೇರಿಂಗ್ ಅವರ ಮುಂದೆ.

ನವೆಂಬರ್ 5ರಂದು ಕೊಲಂಬಿಯಾದಲ್ಲಿ ಒಂದೇ ದಿನದಲ್ಲಿ ವಿಚಾರಣೆ ಮುಗಿಯಿತು. ಸರ್ಕಾರದ ತನಿಖೆ ಕಾಟಾಚಾರದ್ದಾಗಿತ್ತು. ಆರೋಪಿಯ ಪರ ವಕೀಲರು ಬಿಳಿಯ ಜ್ಯೂರಿಯ ಪೂರ್ವಗ್ರಹವನ್ನು ಮುಚ್ಚುಮರೆಯಿಲ್ಲದೆ ಕೆರಳಿಸಿದರು. ತೀರ್ಪು ಏನಾಗುವುದೆಂದು ವೇರಿಂಗ್ ಅವರಿಗೆ ತಿಳಿದಿತ್ತು. ಐದೇ ನಿಮಿಷದಲ್ಲಿ ಜ್ಯೂರಿ ಹೊರಬಂದು ನ್ಯಾಯಾಲಯವನ್ನು ಅಪಹಾಸ್ಯಕ್ಕೀಡು ಮಾಡಬಾರದೆಂದು, ಅವರು ಬೇಕೆಂದೇ ಅಡ್ಡಾಡಲು ಹೊರಗೆ ಹೋದರು. ನ್ಯಾಯಾಧೀಶರು ಮರಳುವ ತನಕ ತೀರ್ಪು ಪ್ರಕಟಿಸುವಂತಿರಲಿಲ್ಲ. ಸುಮಾರು ಅರ್ಧ ಗಂಟೆಯಲ್ಲಿ ಶಲ್ ನಿರ್ದೋಷಿಯೆಂದು ಜ್ಯೂರಿ ಘೋಷಿಸಿತು. ನ್ಯಾಯಾಲಯದಲ್ಲಿ ಕುಳಿತಿದ್ದ ಎಲಿಜಬೆತ್ ಕಣ್ಣೀರಿಟ್ಟರು.

ಮೇಲ್ಮನವಿ ಆಲಿಸುವ ನ್ಯಾಯಮೂರ್ತಿಗಳು ನೋಡುವುದು ಕಾಗದಪತ್ರಗಳನ್ನು. ವಿಚಾರಣಾ ನ್ಯಾಯಾಧೀಶ ನೋಡುವುದು ಮನುಷ್ಯರನ್ನು. ಸಾಕ್ಷಿಕಟ್ಟೆಗೆ ಕೈಹಿಡಿದು ಕರೆತಂದ ಕುರುಡ ಯೋಧನನ್ನೂ, ತಲೆಯೆತ್ತಿ ಹೊರನಡೆದ ಪೊಲೀಸ್ ಅಧಿಕಾರಿಯನ್ನೂ ವೇರಿಂಗ್ ಕೆಲವೇ ಅಡಿಗಳ ಅಂತರದಿಂದ ಕಂಡರು. ಕಾರ್ಯವಿಧಾನದಲ್ಲಿ ಲೋಪವಿರಲಿಲ್ಲ, ಆದರೂ ನ್ಯಾಯ ಸತ್ತಿತ್ತು. ಆ ವಿಚಾರಣೆಯ ಅಧ್ಯಕ್ಷತೆ ವಹಿಸಿದ್ದು ತಾವೇ ಎಂಬ ಅರಿವು ಅವರನ್ನು ಬಿಡಲಿಲ್ಲ. ಆ ದಿನಗಳಲ್ಲಿ ದಂಪತಿಗಳು ಸಂಜೆಗಳಲ್ಲಿ ಜನಾಂಗ ಸಮಸ್ಯೆಯ ಕುರಿತ ಪುಸ್ತಕಗಳನ್ನು ಜೊತೆಯಾಗಿ ಓದತೊಡಗಿದರು. ಸ್ವೀಡನ್ನಿನ ಗುನ್ನರ್ ಮಿರ್ಡಾಲ್ ಅಮೆರಿಕದ ವರ್ಣ ಸಮಸ್ಯೆಯನ್ನು ಕುರಿತು ಬರೆದ ಬೃಹತ್ ಅಧ್ಯಯನವೂ ಅವುಗಳಲ್ಲೊಂದು. 66ನೆಯ ವಯಸ್ಸಿನಲ್ಲಿ ವೇರಿಂಗ್ ತಮ್ಮ ಊರನ್ನು ಮೊದಲ ಬಾರಿಗೆ ಎಂಬಂತೆ ನೋಡಲಾರಂಭಿಸಿದರು.

ಮತಪೆಟ್ಟಿಗೆಯ ಬಾಗಿಲು

1947ರ ಜುಲೈ 12ರಂದು ವೇರಿಂಗ್ ಒಂದೇ ದಿನ ಎರಡು ತೀರ್ಪುಗಳನ್ನು ನೀಡಿದರು. ಮೊದಲನೆಯದು ಜಾನ್ ರೈಟನ್ ಎಂಬ ಕಪ್ಪು ವರ್ಣೀಯ ಯುವಕ ರಾಜ್ಯ ವಿಶ್ವವಿದ್ಯಾಲಯದ ಕಾನೂನು ಕಾಲೇಜಿಗೆ ಪ್ರವೇಶ ಕೋರಿದ್ದ ಪ್ರಕರಣ. ಅವನನ್ನು ಸೇರಿಸಿಕೊಳ್ಳಿ, ಇಲ್ಲವೇ ಸಮಾನ ದರ್ಜೆಯ ಬೇರೊಂದು ಕಾಲೇಜು ತೆರೆಯಿರಿ, ಅದೂ ಆಗದಿದ್ದರೆ ಬಿಳಿಯರ ಕಾನೂನು ಕಾಲೇಜನ್ನೂ ಮುಚ್ಚಿರಿ ಎಂದು ಅವರು ಆದೇಶಿಸಿದರು. ರಾಜ್ಯ ಸರ್ಕಾರ ಆರೆಂಜ್‌ಬರ್ಗ್‌ನಲ್ಲಿ ಪ್ರತ್ಯೇಕ ಕಾಲೇಜು ತೆರೆದು ಪಾರಾಯಿತು. ಬೇರೆ ಬೇರೆ, ಆದರೆ ಸಮಾನ ಎಂಬ 1896ರ ಸುಪ್ರೀಂ ಕೋರ್ಟ್ ಸೂತ್ರವನ್ನು ಮೀರಲು ವೇರಿಂಗ್ ಅಂದಿಗೆ ಇನ್ನೂ ಸಿದ್ಧರಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಎರಡನೆಯ ತೀರ್ಪು ರಾಜ್ಯದ ರಾಜಕೀಯವನ್ನೇ ಅಲುಗಾಡಿಸಿತು. ದಕ್ಷಿಣ ಕರೋಲಿನಾದಲ್ಲಿ ಆಗ ಡೆಮಾಕ್ರಟಿಕ್ ಪಕ್ಷವೊಂದೇ ಪಕ್ಷ. ಆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆಯಲ್ಲಿ ಗೆದ್ದವನೇ ಅಂತಿಮವಾಗಿ ಗೆಲ್ಲುತ್ತಿದ್ದ. ಪ್ರೈಮರಿಯಲ್ಲಿ ಮತ ಹಾಕಲು ಕಪ್ಪು ವರ್ಣೀಯರಿಗೆ ಅವಕಾಶವಿರಲಿಲ್ಲ. ಟೆಕ್ಸಾಸ್‌ನ ಇಂಥದೇ ಪದ್ಧತಿಯನ್ನು 1944ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿದಾಗ, ದಕ್ಷಿಣ ಕರೋಲಿನಾದ ಗವರ್ನರ್ ಶಾಸನಸಭೆಯ ವಿಶೇಷ ಅಧಿವೇಶನ ಕರೆದು, ಪ್ರೈಮರಿಗೆ ಸಂಬಂಧಿಸಿದ ಕಾನೂನುಗಳನ್ನೆಲ್ಲ ಪುಸ್ತಕದಿಂದಲೇ ತೆಗೆಸಿಹಾಕಿದರು. ಇದರಿಂದ ಪಕ್ಷವು ಖಾಸಗಿ ಕ್ಲಬ್ ಆಗುತ್ತದೆ, ಯಾರನ್ನು ಸೇರಿಸಬೇಕೆಂಬುದು ಅದರ ಇಷ್ಟ ಎಂಬುದು ಅವರ ಲೆಕ್ಕಾಚಾರ. ಕೊಲಂಬಿಯಾದ ಅಂಗಡಿಕಾರ ಜಾರ್ಜ್ ಎಲ್‌ಮೋರ್ ಇದನ್ನು ಪ್ರಶ್ನಿಸಿದರು.

ದೇಶದ ಸಂಸತ್ತನ್ನೂ ರಾಜ್ಯದ ಸರ್ಕಾರವನ್ನೂ ಆರಿಸುವ ಕ್ರಿಯೆಯನ್ನು ಯಾವ ಹೆಸರಿಟ್ಟು ಕರೆದರೂ ಅದು ಖಾಸಗಿ ಕ್ಲಬ್ಬಿನ ವ್ಯವಹಾರವಾಗದು ಎಂದು ವೇರಿಂಗ್ ತೀರ್ಪಿತ್ತರು. ದಕ್ಷಿಣ ಕರೋಲಿನಾ ಮರಳಿ ಅಮೆರಿಕದ ಒಕ್ಕೂಟವನ್ನು ಸೇರುವ ಕಾಲ ಬಂದಿದೆ ಎಂಬ ಅರ್ಥದ ಮಾತನ್ನೂ ಆ ತೀರ್ಪಿನಲ್ಲಿ ಬರೆದರು. 1860ರಲ್ಲಿ ಎಲ್ಲರಿಗಿಂತ ಮೊದಲು ಒಕ್ಕೂಟದಿಂದ ಹೊರನಡೆದಿದ್ದ ರಾಜ್ಯಕ್ಕೆ, ಆ ಯುದ್ಧದಲ್ಲಿ ಹೋರಾಡಿದವರ ಮಗನಿಂದಲೇ ಬಂದ ಮಾತು ಇದು.

ಮೇಲ್ಮನವಿಯಲ್ಲಿ ತೀರ್ಪು ಉಳಿಯಿತು. ಪಕ್ಷದ ನಾಯಕರು ಆಗ ಹೊಸ ಉಪಾಯ ಹೂಡಿದರು. ವರ್ಣ ಪ್ರತ್ಯೇಕತೆಯನ್ನು ಬೆಂಬಲಿಸುವುದಾಗಿ ಪ್ರಮಾಣ ಮಾಡಿದವರಿಗೆ ಮಾತ್ರ ಮತ ಎಂದರು. 1948ರ ಜುಲೈನಲ್ಲಿ ವೇರಿಂಗ್ ಅದನ್ನೂ ತಡೆದು, ಆದೇಶ ಮೀರಿದವರನ್ನು ಸೆರೆಮನೆಗೆ ಕಳಿಸಲು ಹಿಂಜರಿಯುವುದಿಲ್ಲವೆಂದು ಎಚ್ಚರಿಸಿದರು. ಆ ಆಗಸ್ಟ್‌ನ ಪ್ರೈಮರಿಯಲ್ಲಿ 30 ಸಾವಿರಕ್ಕೂ ಹೆಚ್ಚು ಕಪ್ಪು ವರ್ಣೀಯರು ಸಾಲುಗಟ್ಟಿ ನಿಂತು ಮತ ಹಾಕಿದರು. ಅದೇ ವರ್ಷ ಜುಲೈ 26ರಂದು ಟ್ರೂಮನ್ ಸೇನಾಪಡೆಗಳಲ್ಲಿ ವರ್ಣಭೇದವನ್ನು ಕೊನೆಗೊಳಿಸುವ ಆದೇಶಕ್ಕೆ ಸಹಿ ಹಾಕಿದ್ದರು. ವುಡರ್ಡ್‌ನ ಕಣ್ಣುಗಳು ಅಧ್ಯಕ್ಷರನ್ನೂ ನ್ಯಾಯಾಧೀಶರನ್ನೂ ಬೇರೆ ಬೇರೆ ದಾರಿಗಳಲ್ಲಿ ಒಂದೇ ಗುರಿಯತ್ತ ನಡೆಸಿದ್ದವು.

ಮುಚ್ಚಿದ ಕದಗಳು

ಬಿಳಿಯ ಚಾರ್ಲ್ಸ್‌ಟನ್ ಸಂಪೂರ್ಣವಾಗಿ ಮುಖ ತಿರುಗಿಸಿತು. ಬಾಲ್ಯದ ಗೆಳೆಯರು ಬೀದಿಯಲ್ಲಿ ಕಂಡರೆ ಮಾತನಾಡದೆ ದಾಟಿಹೋದರು. ಹೊತ್ತಲ್ಲದ ಹೊತ್ತಿನಲ್ಲಿ ಬೆದರಿಕೆಯ ದೂರವಾಣಿ ಕರೆಗಳು ಬಂದವು. ನ್ಯಾಯಾಧೀಶರನ್ನೂ ಅವರ ಪತ್ನಿಯನ್ನೂ ರಾಜ್ಯದಿಂದ ಹೊರಗೆ ಕಳುಹಿಸಲು ಟಿಕೆಟ್ಟಿನ ಹಣ ಒದಗಿಸಬೇಕೆಂಬ ಪ್ರಸ್ತಾಪ ಶಾಸನಸಭೆಯಲ್ಲಿ ಮಂಡನೆಯಾಯಿತು. ಮಹಾಭಿಯೋಗಕ್ಕಾಗಿ ಸಹಿ ಸಂಗ್ರಹ ನಡೆಯಿತು. 1950ರ ಜನವರಿಯಲ್ಲಿ ಎಲಿಜಬೆತ್ ಕಪ್ಪು ವರ್ಣೀಯ ಮಹಿಳೆಯರ ಸಭೆಯಲ್ಲಿ ದಕ್ಷಿಣದ ಬಿಳಿಯರನ್ನು ಕಟುವಾಗಿ ಟೀಕಿಸಿದ ಮೇಲೆ ಕೋಪ ಇಮ್ಮಡಿಯಾಯಿತು. ಮಾರ್ಚ್‌ನಲ್ಲಿ ಅವರ ಮನೆಯ ಬಳಿ ಶಿಲುಬೆ ಸುಡಲಾಯಿತು. ಅಕ್ಟೋಬರ್‌ನ ಒಂದು ರಾತ್ರಿ ಕಿಟಕಿಗಳನ್ನು ಒಡೆದು ಕಲ್ಲುಗಳು ಒಳಬಿದ್ದವು. ಫೆಡರಲ್ ಮಾರ್ಷಲ್‌ಗಳ ಕಾವಲು ಬೇಕಾಯಿತು.

ಮುಚ್ಚಿದ ಕದಗಳ ಬದಲಿಗೆ ಬೇರೆ ಕದಗಳು ತೆರೆದುಕೊಂಡವು. ಶಿಕ್ಷಕಿ ಸೆಪ್ಟಿಮಾ ಕ್ಲಾರ್ಕ್, ರೂಬಿ ಕಾರ್ನ್‌ವೆಲ್ ಮುಂತಾದ ಕಪ್ಪು ವರ್ಣೀಯರು ಮೀಟಿಂಗ್ ಸ್ಟ್ರೀಟ್‌ನ ಮನೆಗೆ ಮುಂಬಾಗಿಲಿನಿಂದಲೇ ಅತಿಥಿಗಳಾಗಿ ಬಂದು ಊಟದ ಮೇಜಿನಲ್ಲಿ ಕುಳಿತರು. ಊರಿನ ಪಾಲಿಗೆ ತೀರ್ಪುಗಳಿಗಿಂತ ಇದೇ ದೊಡ್ಡ ಅಪರಾಧವಾಗಿ ಕಂಡಿತು.

ವೇರಿಂಗ್ ಸೌಮ್ಯ ಸ್ವಭಾವದವರೇನೂ ಆಗಿರಲಿಲ್ಲ. ಅವರ ಮಾತು ಮೊನಚಾಗಿತ್ತು, ಒಂದಿಷ್ಟು ಅಹಂಕಾರವೂ ಇತ್ತು. ನಿಧಾನವಾಗಿ, ಶಾಂತಿಯಿಂದ ಬದಲಾವಣೆ ಬರಲಿ ಎನ್ನುವ ಮಧ್ಯಮಮಾರ್ಗಿಗಳನ್ನು ಅವರು ಕಟ್ಟಾ ವರ್ಣಭೇದವಾದಿಗಳಿಗಿಂತ ಹೆಚ್ಚು ಅಪಾಯಕಾರಿಗಳೆಂದು ಬಗೆದರು. ಇದರಿಂದ ಜೊತೆಗೂಡಬಹುದಾಗಿದ್ದ ಕೆಲವರೂ ದೂರವಾದರು. ಆದರೆ ನಿಧಾನದ ಹೆಸರಿನಲ್ಲಿ ನಡೆಯುತ್ತಿದ್ದುದೇನು ಎಂಬುದನ್ನು ಕ್ಲಾರೆಂಡನ್ ಕೌಂಟಿ ಅವರಿಗೆ ತೋರಿಸಿಕೊಟ್ಟಿತ್ತು.

ಒಂಟಿ ಭಿನ್ನಮತ

ಕ್ಲಾರೆಂಡನ್ ಹತ್ತಿ ಬೆಳೆಯುವ ಬಡ ಪ್ರದೇಶ. ಅಲ್ಲಿ ಬಿಳಿಯ ಮಕ್ಕಳಿಗೆ 30 ಶಾಲಾ ಬಸ್ಸುಗಳಿದ್ದವು, ಕಪ್ಪು ಮಕ್ಕಳಿಗೆ ಒಂದೂ ಇರಲಿಲ್ಲ. 1949-50ರಲ್ಲಿ ಬಿಳಿಯ ವಿದ್ಯಾರ್ಥಿಯೊಬ್ಬನಿಗೆ ವರ್ಷಕ್ಕೆ 179 ಡಾಲರ್ ವೆಚ್ಚವಾಗುತ್ತಿದ್ದರೆ ಕಪ್ಪು ವಿದ್ಯಾರ್ಥಿಗೆ ಸಿಗುತ್ತಿದ್ದುದು 43 ಡಾಲರ್. ಪಾದ್ರಿ ಹಾಗೂ ಶಿಕ್ಷಕ ಜೋಸೆಫ್ ಡಿಲೇನ್ ಪೋಷಕರನ್ನು ಸಂಘಟಿಸಿದರು. ಪೆಟ್ರೋಲ್ ಬಂಕಿನಲ್ಲಿ ದುಡಿಯುತ್ತಿದ್ದ ಮಾಜಿ ನೌಕಾಪಡೆಯ ಯೋಧ ಹ್ಯಾರಿ ಬ್ರಿಗ್ಸ್ ಮೊದಲ ಅರ್ಜಿದಾರರಾದರು. ಶಾಲಾ ಮಂಡಳಿಯ ಅಧ್ಯಕ್ಷರ ಹೆಸರೂ ಸೇರಿ ಅದು ಬ್ರಿಗ್ಸ್ ವಿರುದ್ಧ ಎಲಿಯಟ್ ಮೊಕದ್ದಮೆಯೆಂದು ಪ್ರಸಿದ್ಧವಾಯಿತು.

ಮಾರ್ಷಲ್ ಸಲ್ಲಿಸಿದ್ದ ಅರ್ಜಿ ಸಮಾನ ಸೌಲಭ್ಯಗಳನ್ನಷ್ಟೇ ಕೇಳಿತ್ತು. 1950ರ ನವೆಂಬರ್ 17ರ ಪೂರ್ವಭಾವಿ ವಿಚಾರಣೆಯಲ್ಲಿ ವೇರಿಂಗ್ ಅಸಾಮಾನ್ಯ ಹೆಜ್ಜೆಯೊಂದನ್ನಿಟ್ಟರು. ಪ್ರತ್ಯೇಕತೆಯ ಸಾಂವಿಧಾನಿಕತೆಯನ್ನೇ ನೇರವಾಗಿ ಪ್ರಶ್ನಿಸುವ ಹೊಸ ಅರ್ಜಿಯೊಂದಿಗೆ ಬರುವಂತೆ ಮಾರ್ಷಲ್ ಅವರಿಗೆ ಸೂಚಿಸಿದರು. ಮಾರ್ಷಲ್ ಹಿಂಜರಿದರು. ತಮ್ಮ ಸಂಸ್ಥೆ ಆ ಪ್ರಶ್ನೆಯತ್ತ ಸಾಗುತ್ತಿತ್ತು ನಿಜ, ಆದರೆ ಅದಕ್ಕೆ ದಕ್ಷಿಣದ ಹೃದಯಭಾಗದ ಗ್ರಾಮೀಣ ಕೌಂಟಿ ಸೂಕ್ತ ರಣರಂಗವೇ ಎಂಬ ಸಂಶಯ ಅವರದು. ಸುಪ್ರೀಂ ಕೋರ್ಟಿನಲ್ಲಿ ಸೋತರೆ 1896ರ ಸೂತ್ರ ಇನ್ನಷ್ಟು ಗಟ್ಟಿಯಾಗುವ ಅಪಾಯವಿತ್ತು.

ವೇರಿಂಗ್ ಅವರ ಲೆಕ್ಕ ಬೇರೆಯಿತ್ತು. ರಾಜ್ಯದ ಕಾನೂನೊಂದನ್ನು ಸಂವಿಧಾನ ವಿರೋಧಿಯೆಂದು ಪ್ರಶ್ನಿಸಿದರೆ ಅದನ್ನು ಒಬ್ಬ ನ್ಯಾಯಾಧೀಶರ ಬದಲು ಮೂವರ ಪೀಠ ಕೇಳಬೇಕೆಂಬುದು ಅಂದಿನ ನಿಯಮ. ತಮ್ಮ ಜೊತೆ ಕೂರುವ ಇಬ್ಬರು ತಮ್ಮನ್ನು ಒಪ್ಪುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಆದರೆ ಅಂಥ ಪೀಠದ ತೀರ್ಪಿನ ವಿರುದ್ಧದ ಮೇಲ್ಮನವಿ ನೇರವಾಗಿ ಸುಪ್ರೀಂ ಕೋರ್ಟಿಗೇ ಹೋಗುತ್ತದೆ. ಸಮಾನ ಸೌಲಭ್ಯದ ಮೊಕದ್ದಮೆಯನ್ನು ಒಬ್ಬರೇ ಕೇಳಿ ಗೆಲ್ಲಿಸಬಹುದಾಗಿದ್ದ ಅವರು, ತಾವೇ ಸೋಲಲಿರುವ ದಾರಿಯನ್ನು ಆರಿಸಿಕೊಂಡರು. ನ್ಯಾಯಾಧೀಶರೊಬ್ಬರು ಕಕ್ಷಿದಾರರಿಗೆ ಹೀಗೆ ದಾರಿ ತೋರುವುದು ಸರಿಯೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ನಿಷ್ಪಕ್ಷಪಾತದ ಗೆರೆಯನ್ನು ಅವರು ಅಂದು ದಾಟಿದರೆಂದು ಹೇಳಿದರೆ ಸುಲಭವಾಗಿ ಅಲ್ಲಗಳೆಯಲಾಗದು.

1951ರ ಮೇ 28ರಂದು ಚಾರ್ಲ್ಸ್‌ಟನ್‌ನಲ್ಲಿ ವಿಚಾರಣೆ ಆರಂಭವಾದಾಗ ದೂರದ ಹಳ್ಳಿಗಳಿಂದ ಬಂದ ಕಪ್ಪು ವರ್ಣೀಯರು ಬೆಳಗಿನಿಂದಲೇ ನ್ಯಾಯಾಲಯದ ಮೊಗಸಾಲೆ, ಮೆಟ್ಟಿಲುಗಳನ್ನು ತುಂಬಿದ್ದರು. ರಾಜ್ಯದ ವಕೀಲ ರಾಬರ್ಟ್ ಫಿಗ್ ಆರಂಭದಲ್ಲೇ ಶಾಲೆಗಳು ಅಸಮಾನವೆಂದು ಒಪ್ಪಿಕೊಂಡು, ಸರಿಪಡಿಸಲು ಸಮಯ ಕೇಳಿ ಎದುರಾಳಿಗಳನ್ನು ತಬ್ಬಿಬ್ಬುಗೊಳಿಸಿದರು. ಆದರೂ ಮಾರ್ಷಲ್ ಮನಶ್ಶಾಸ್ತ್ರಜ್ಞ ಕೆನೆತ್ ಕ್ಲಾರ್ಕ್ ಅವರನ್ನು ಸಾಕ್ಷಿಕಟ್ಟೆಗೆ ಕರೆತಂದರು. ಕ್ಲಾರ್ಕ್ ಕ್ಲಾರೆಂಡನ್‌ನ 16 ಕಪ್ಪು ಮಕ್ಕಳ ಮುಂದೆ ಕಂದು ಮತ್ತು ಬಿಳಿ ಬಣ್ಣದ ಗೊಂಬೆಗಳನ್ನಿಟ್ಟು ಪ್ರಶ್ನೆ ಕೇಳಿದ್ದರು. 10 ಮಕ್ಕಳು ಬಿಳಿ ಗೊಂಬೆಯನ್ನೇ ಮೆಚ್ಚಿದರು. ಕಂದು ಗೊಂಬೆ ಕೆಟ್ಟದ್ದೆಂದು 11 ಮಕ್ಕಳು ಹೇಳಿದ್ದರು. ತಮ್ಮದೇ ಬಣ್ಣವನ್ನು ಕೀಳೆಂದು ಭಾವಿಸಲು ಆ ಮಕ್ಕಳು ಕಲಿತಾಗಿತ್ತು.

ಜೂನ್‌ನಲ್ಲಿ ಬಂದ ತೀರ್ಪು ನಿರೀಕ್ಷೆಯಂತೆಯೇ ಇತ್ತು. ಜಾನ್ ಪಾರ್ಕರ್ ಹಾಗೂ ಜಾರ್ಜ್ ಬೆಲ್ ಟಿಮ್ಮರ್‌ಮನ್, ಶಾಲೆಗಳನ್ನು ಸಮಾನಗೊಳಿಸಿದರೆ ಸಾಕು, ಪ್ರತ್ಯೇಕತೆ ಕಾನೂನುಬದ್ಧ ಎಂದರು. ವೇರಿಂಗ್ ಒಬ್ಬರೇ ಭಿನ್ನಮತ ದಾಖಲಿಸಿದರು. ಕಟ್ಟಡ, ಬಸ್ಸು, ಪುಸ್ತಕಗಳನ್ನು ಎಷ್ಟೇ ಸಮಗೊಳಿಸಿದರೂ ಬೇರ್ಪಡಿಸುವ ಕ್ರಿಯೆಯೇ ಅಸಮಾನತೆ ಎಂಬುದು ಅದರ ತಿರುಳು. ಗುಲಾಮಗಿರಿಯನ್ನು ಅಳಿಸಲೆಂದೇ ಅಂತರ್ಯುದ್ಧದ ಬಳಿಕ ಸೇರಿಸಿದ ಸಂವಿಧಾನ ತಿದ್ದುಪಡಿಗಳಿಗೆ ಬೇರಾವ ಅರ್ಥವೂ ಇರಲಾರದು ಎಂದು ಅವರು ವಾದಿಸಿದರು. ಅರ್ಜಿದಾರರಾಗಿ ಸಹಿ ಹಾಕಿದ ಬಡಜನರ ಧೈರ್ಯವನ್ನೂ ಸ್ಮರಿಸಿದರು.

ನ್ಯೂಯಾರ್ಕ್‌ನ ದಿನಗಳು

1952ರ ಫೆಬ್ರುವರಿಯಲ್ಲಿ, ಹತ್ತು ವರ್ಷದ ಸೇವೆ ಪೂರ್ಣಗೊಳ್ಳುತ್ತಿದ್ದಂತೆ, 71 ವರ್ಷದ ವೇರಿಂಗ್ ನಿವೃತ್ತರಾಗಿ ಪತ್ನಿಯೊಂದಿಗೆ ನ್ಯೂಯಾರ್ಕ್ ಸೇರಿದರು. ಎರಡು ವರ್ಷಗಳ ನಂತರ, 1954ರ ಮೇ 17ರಂದು, ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಬ್ರೌನ್ ವಿರುದ್ಧ ಶಿಕ್ಷಣ ಮಂಡಳಿ ಮೊಕದ್ದಮೆಯಲ್ಲಿ ಏಕಮತದ ತೀರ್ಪು ನೀಡಿದರು. ಬ್ರಿಗ್ಸ್ ಮೊಕದ್ದಮೆ ಅದರೊಳಗೆ ಸೇರಿದ್ದ ಐದು ಪ್ರಕರಣಗಳಲ್ಲಿ ಒಂದು. ಬೇರ್ಪಡಿಸಿದ ಶಾಲೆಗಳು ಸ್ವಭಾವತಃ ಅಸಮಾನವೆಂದು ದೇಶದ ಅತ್ಯುಚ್ಚ ನ್ಯಾಯಾಲಯ ಸಾರಿತು. ಚಾರ್ಲ್ಸ್‌ಟನ್‌ನಲ್ಲಿ ಮೂರು ವರ್ಷದ ಹಿಂದೆ ಒಂಟಿಯಾಗಿ ಸೋತಿದ್ದ ನಿಲುವು ದೇಶದ ಕಾನೂನಾಯಿತು. ಅಂದು ಸಂಜೆ ವೇರಿಂಗ್ ದಂಪತಿಗಳ ಮನೆಯಲ್ಲಿ ವಾಲ್ಟರ್ ವೈಟ್ ಸೇರಿದಂತೆ ಗೆಳೆಯರು ಕೂಡಿ ಸಂಭ್ರಮಿಸಿದರು.

1968ರ ಜನವರಿ 11ರಂದು ವೇರಿಂಗ್ ನ್ಯೂಯಾರ್ಕ್‌ನಲ್ಲಿ ನಿಧನರಾದರು. ಬದುಕಿದ್ದಾಗ ತೊರೆದ ಊರಿಗೆ ಅವರ ದೇಹ ಮರಳಿತು. ಅದೇ ವರ್ಷ ಎಲಿಜಬೆತ್ ಕೂಡ ತೀರಿಕೊಂಡರು.

ಊರು ತನ್ನ ತಪ್ಪನ್ನು ಒಪ್ಪಿಕೊಳ್ಳಲು ಇನ್ನೂ ಸುಮಾರು ಅರ್ಧ ಶತಮಾನ ಬೇಕಾಯಿತು. 2014ರಲ್ಲಿ ಚಾರ್ಲ್ಸ್‌ಟನ್‌ನ ಫೆಡರಲ್ ನ್ಯಾಯಾಲಯದ ಉದ್ಯಾನದಲ್ಲಿ ವೇರಿಂಗ್ ಅವರ ಪ್ರತಿಮೆ ಅನಾವರಣಗೊಂಡಿತು. ಅಲ್ಲಿನ ನ್ಯಾಯಾಂಗ ಕಟ್ಟಡಕ್ಕೆ ಮಾಜಿ ಸೆನೆಟರ್ ಅರ್ನೆಸ್ಟ್ ಹಾಲಿಂಗ್ಸ್ ಅವರ ಹೆಸರಿತ್ತು. ತಮ್ಮ ಹೆಸರನ್ನು ತೆಗೆದು ವೇರಿಂಗ್ ಅವರ ಹೆಸರಿಡುವಂತೆ ಹಾಲಿಂಗ್ಸ್ ಅವರೇ ಕೋರಿದರು. 2015ರಲ್ಲಿ ಅದು ನೆರವೇರಿತು. 2018ರಲ್ಲಿ ಐಸಾಕ್ ವುಡರ್ಡ್‌ಗೆ 72 ವರ್ಷಗಳ ಹಿಂದೆ ವಿಧಿಸಿದ್ದ ಶಿಕ್ಷೆಯನ್ನು ಆ ಊರಿನ ನ್ಯಾಯಾಲಯವೇ ರದ್ದುಪಡಿಸಿತು. ಆ ವೇಳೆಗೆ ವುಡರ್ಡ್ ತೀರಿಕೊಂಡು 26 ವರ್ಷಗಳಾಗಿದ್ದವು.

ವೇರಿಂಗ್ ತೆತ್ತ ಬೆಲೆ ಸಣ್ಣದಲ್ಲ. ಆದರೆ ಅವರಿಗೆ ಆಜೀವ ಹುದ್ದೆಯ ಕವಚವಿತ್ತು, ನಿವೃತ್ತಿಯ ನಂತರವೂ ವೇತನವಿತ್ತು, ಹೋಗಿ ಸೇರಲು ನ್ಯೂಯಾರ್ಕ್ ಇತ್ತು. ಅವರ ಮುಂದೆ ನಿಂತ ಅರ್ಜಿದಾರರಿಗೆ ಅವಾವುವೂ ಇರಲಿಲ್ಲ. ಮತದ ಹಕ್ಕು ಗೆದ್ದ ಜಾರ್ಜ್ ಎಲ್‌ಮೋರ್ ಬಹಿಷ್ಕಾರಕ್ಕೆ ಸಿಲುಕಿ ವ್ಯಾಪಾರ ಕಳೆದುಕೊಂಡು 1959ರಲ್ಲಿ ನಿಧನರಾದರು. ಹ್ಯಾರಿ ಬ್ರಿಗ್ಸ್ ಪೆಟ್ರೋಲ್ ಬಂಕಿನ ಕೆಲಸವನ್ನೂ, ಅವರ ಪತ್ನಿ ಎಲೈಜಾ ಮೋಟೆಲಿನ ಕೆಲಸವನ್ನೂ ಕಳೆದುಕೊಂಡರು. ಡಿಲೇನ್ ಅವರ ಮನೆ ಸುಟ್ಟುಹೋಯಿತು, ಅವರು ರಾಜ್ಯ ಬಿಟ್ಟು ಓಡಬೇಕಾಯಿತು. ಈ ಜನ ಮೊದಲು ಸಹಿ ಹಾಕಿದ್ದರಿಂದಲೇ ನ್ಯಾಯಾಧೀಶರ ಲೇಖನಿಗೆ ಕೆಲಸ ಸಿಕ್ಕಿತು. ಅದನ್ನು ಚೆನ್ನಾಗಿ ಬಲ್ಲವರಾಗಿದ್ದ ವೇರಿಂಗ್ ತಮ್ಮ ಭಿನ್ನಮತದ ಆರಂಭದಲ್ಲೇ ಅವರನ್ನು ನೆನೆದಿದ್ದರು. 1968ರ ಜನವರಿಯಲ್ಲಿ ಮ್ಯಾಗ್ನೋಲಿಯಾ ಸ್ಮಶಾನಕ್ಕೆ ಬಂದ ಆ 200 ಮಂದಿ ಆ ನೆನಕೆಯ ಋಣವನ್ನು ತೀರಿಸಿ ಹೋದರು.